ಊಟ, ವಸತಿ ಇಲ್ಲೆ

"ಈ ಜಾಹೀರಾತು ಬರೆದಿದ್ದು ಯಾರ್ರೀ?"

ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡ್ ಎದುರಿನ ಡಿಟಿಪಿ ಅಂಗಡಿಯ ಬಾಗಿಲು ದಡಾರನೆ ತೆರೆದುಕೊಂಡಿತು. ಕಂಪ್ಯೂಟರಿನ ಮುಂದಿದ್ದ ಯಶೋಧಾ ಬೆಚ್ಚಿ ತಲೆಯೆತ್ತಿದಳು. ಎದುರಿಗೆ ಎತ್ತರದ ಯುವಕ... ಕೈಯಲ್ಲಿ ಮೊಬೈಲ್, ಅಂಗಿಯ ತುಂಬ ಸಾಸಿವೆ ಪುಡಿ, ಕಣ್ಣಲ್ಲಿ ಬೆಂಕಿ!

"ನಾನೇ. ಯಾಕೆ?"

"ನಾನು ಶ್ರೀಕರ ಭಟ್. ಹುಂಚ ರಸ್ತೇಲಿ ಉಪ್ಪಿನಕಾಯಿ ಯೂನಿಟ್ ಇದ್ಯಲ್ಲ, ಅದು ನಂದೇ. ಹದಿನಾಲ್ಕು ಜನ ಹಾಸಿಗೆ ಸುತ್ಕೊಂಡು ಬಂದು ಬಾಗ್ಲಲ್ಲಿ ಕೂತಿದಾರೆ! ನಾನೇನು ಛತ್ರ ಇಟ್ಟಿದೀನಾ?"

ಯಶೋಧಾ ಅವನದೇ ವಾಟ್ಸಾಪ್ ಮೆಸೇಜು ತೆರೆದು ತೋರಿಸಿದಳು. "ನೀವೇ ಕಳ್ಸಿದೀರಲ್ಲ ಭಟ್ರೇ, 'ಊಟ, ವಸತಿ ಇಲ್ಲೆ' ಅಂತ. ದೀರ್ಘ ಬಿಟ್ಟು ಹೋಗಿತ್ತು. ನಾನು ಸರಿ ಮಾಡಿ 'ಇಲ್ಲೇ' ಅಂತ ಹಾಕ್ದೆ."

ಶ್ರೀಕರ ಹಣೆ ಚಚ್ಚಿಕೊಂಡ. "ನಮ್ಮ ಮನೆ ಮಾತಲ್ಲಿ ಇಲ್ಲೆ ಅಂದ್ರೆ... ಇಲ್ಲ ಅಂತ!"

ಯಶೋಧಾ ತುಟಿ ಕಚ್ಚಿ ಹಿಡಿದಳು. ಆಗಲಿಲ್ಲ. ನಗು ಕಿತ್ತುಕೊಂಡು ಬಂತು. ಅದನ್ನು ನೋಡಿ ಅವನಿಗೂ ನಗು ತಡೆಯಲಾಗಲಿಲ್ಲ. ಜಗಳಕ್ಕೆಂದು ಬಂದ ಮಹಾಶಯ ಬೆಂಚಿನ ಮೇಲೆ ಕುಳಿತೇಬಿಟ್ಟ.

"ಜಾಹೀರಾತು ಬರೆಯೋದು ಕೊಡೋವ್ರ ಮಾತಲ್ಲಲ್ಲ, ಓದೋವ್ರ ಮಾತಲ್ಲಿ," ಎಂದಳು ಯಶೋಧಾ. "ಈಗ ಹೇಳಿ. ಕೆಲಸ ಎಂತದು?"

"ಉಪ್ಪಿನಕಾಯಿ ಕೆಲ್ಸ."

"ಅಷ್ಟು ಓದಿದ್ರೆ ಯಾರಿಗೆ ಎಂತ ಗೊತ್ತಾಗ್ತದೆ? ಬೆಳಿಗ್ಗೆ ಬಂದವ್ರು ಸಂಜೆ ತನಕ ಎಂತ ಮಾಡ್ಬೇಕು, ಅದನ್ನ ಹೇಳಿ."

ಅವನು ಹೇಳುತ್ತಾ ಹೋದ, ಅವಳು ಟೈಪ್ ಮಾಡುತ್ತಾ ಹೋದಳು. 'ಮಾವಿನಮಿಡಿ ಆರಿಸಿ, ಬಾಟಲಿ ತುಂಬಲು ನಾಲ್ವರು ಬೇಕಾಗಿದ್ದಾರೆ. ಒಂಬತ್ತರಿಂದ ಐದು. ನಿಂತು ಮಾಡುವ ಕೆಲಸ, ಕೈ ಉರಿಯುತ್ತದೆ. ಊಟ ಮನೆಯಿಂದ ತರಬೇಕು. ದಿನವೂ ಬಸ್ಸಿನಲ್ಲಿ ಬಂದು ಹೋಗುವವರಿಗೆ ಅನುಕೂಲ.'

"ಕೈ ಉರೀತದೆ ಅಂತೆಲ್ಲ ಹಾಕಿದ್ರೆ ಯಾರು ಬರ್ತಾರೆ?"

"ಉರಿದ್ರೂ ಅಡ್ಡಿಲ್ಲ ಅನ್ನೋವ್ರು ಬರ್ತಾರೆ. ನಿಮಗೆ ಬೇಕಾಗಿದ್ದು ಅವ್ರೇ ಅಲ್ವಾ?"

ಆ ವಾರ ಪಕ್ಕದ ಹಳ್ಳಿಯ ಸರೋಜಕ್ಕ ಎಂಬಾಕೆ ಮತ್ತು ಇನ್ನೂ ಮೂವರು ಕೆಲಸಕ್ಕೆ ಸೇರಿದರು. ಒಬ್ಬರೂ ಬಿಟ್ಟು ಹೋಗಲಿಲ್ಲ.

ಶ್ರೀಕರನೂ ಬಿಟ್ಟು ಹೋಗಲಿಲ್ಲ! ಒಂದು ವಾರ ಲೇಬಲ್, ಇನ್ನೊಂದು ವಾರ ಬೋರ್ಡು, ಮತ್ತೊಂದು ವಾರ ಅದೇ ಬೋರ್ಡಿನ ಅಕ್ಷರ ಸ್ವಲ್ಪ ದೊಡ್ಡದಾಗಬೇಕಂತೆ. ಅವನ ಸ್ಕೂಟರಿನ ಸದ್ದಿಗೇ ಯಶೋಧಾಳ ಬೆರಳುಗಳು ತಪ್ಪು ಅಕ್ಷರ ಒತ್ತತೊಡಗಿದವು. ಆದರೆ ಪುಣ್ಯಾತ್ಮ ಬಾಯಿ ಬಿಟ್ಟು ಏನನ್ನೂ ಹೇಳುತ್ತಿರಲಿಲ್ಲ.

'ಇವನಿಗೆ ಬೇಕಾಗಿರೋದು ಲೇಬಲ್ಲೋ... ನಾನೋ?'

ಸಂತೆಯ ದಿನ. ಅಂಗಡಿ ತುಂಬ ಜನ, ಜೆರಾಕ್ಸ್ ಮೆಷಿನ್ ಪಕ್ಕದಲ್ಲೇ ಮಾಲೀಕ ಉಮಾಮಹೇಶ್ವರ. ಬಾಯಲ್ಲಿ ಕೇಳಲಾಗದ್ದನ್ನು ಯಶೋಧಾ ವಾಟ್ಸಾಪಿನಲ್ಲಿ ಕೇಳಿಬಿಟ್ಟಳು. 'ನಿಮ್ಮನೇಲಿ ಹುಡುಗಿ ನೋಡ್ತಿದಾರಂತೆ. ನಿಮ್ಮ ಮನಸಿಗೆ ಹಿಡಿಸಿದವಳು ಎಲ್ಲಾದ್ರೂ ಇದಾಳಾ?'

ಬೆಂಚಿನ ಮೇಲೆ ಕೂತಿದ್ದ ಶ್ರೀಕರ ಟೈಪ್ ಮಾಡಿದ, ಅಳಿಸಿದ, ಮತ್ತೆ ಟೈಪ್ ಮಾಡಿದ. ಕೊನೆಗೆ ಬಂದಿದ್ದು ಒಂದೇ ಮಾತು.

'ಇಲ್ಲೆ.'

ಅವಳು ಎರಡು ಸಲ ಓದಿದಳು. ಇಲ್ಲ! ಅವರ ಮನೆ ಮಾತಲ್ಲಿ ಇಲ್ಲೆ ಅಂದರೆ ಇಲ್ಲ. ಕಣ್ಣೀರು ಯಾರಿಗೂ ಕಾಣದಿರಲೆಂದು ಅವಳು ಗೋಡೆಯ ಕಡೆ ತಿರುಗಿ ಕುಳಿತಳು. ಅವಳ ಬೆನ್ನನ್ನೇ ಉತ್ತರವೆಂದುಕೊಂಡು ಅವನು ಎದ್ದು ಹೋದ. ಅಯ್ಯೋ, ಇಬ್ಬರಲ್ಲಿ ಒಬ್ಬರಾದರೂ ಇನ್ನೊಂದು ಮಾತು ಕೇಳಬಾರದಿತ್ತೇ!

ಹದಿನೈದು ದಿನ ಸ್ಕೂಟರಿನ ಸದ್ದಿಲ್ಲ. ತೀರ್ಥಹಳ್ಳಿಯ ಪ್ರೆಸ್ಸೊಂದು ಕೆಲಸಕ್ಕೆ ಕರೆದಾಗ ಯಶೋಧಾ ಹೂಂ ಎಂದುಬಿಟ್ಟಳು. ಇಲ್ಲಿದ್ದು ಆ ಖಾಲಿ ಬೆಂಚನ್ನು ನೋಡುತ್ತಿರುವುದು ಅವಳಿಂದ ಸಾಧ್ಯವಿರಲಿಲ್ಲ.

"ಹೋಗೋದಾದ್ರೆ ನಿನ್ನ ಜಾಗಕ್ಕೆ ಜಾಹೀರಾತು ನೀನೇ ಬರ್ದಿಡು ಮಾರಾಯ್ತಿ," ಎಂದ ಉಮಾಮಹೇಶ್ವರ.

'ಡಿಟಿಪಿ ಕೆಲಸಕ್ಕೆ ಬೇಕಾಗಿದ್ದಾರೆ. ಕನ್ನಡ ಟೈಪಿಂಗ್ ಬರಬೇಕು. ಬಂದವರ ಮಾತನ್ನು ಪೂರ್ತಿ ಕೇಳುವ ತಾಳ್ಮೆ ಇರಬೇಕು.' ಕೊನೆಯ ಸಾಲು ಬರೆಯುವಾಗ ಅವಳ ಕೈ ಒಂದು ಕ್ಷಣ ನಿಂತಿತು. ನಾನು ಪೂರ್ತಿ ಕೇಳಿದೆನಾ? ಯೋಚಿಸಲಾಗದೆ ಸ್ಟೇಟಸ್ಸಿಗೆ ಹಾಕಿಬಿಟ್ಟಳು.

ಅರ್ಧ ಗಂಟೆಯಲ್ಲಿ ಬಾಗಿಲು ದಡಾರನೆ ತೆರೆಯಿತು.

"ಈ ಜಾಹೀರಾತು ಬರೆದಿದ್ದು ಯಾರ್ರೀ?"

ಶ್ರೀಕರ! ಅದೇ ಸಾಸಿವೆ ಪುಡಿ. ಕಣ್ಣಲ್ಲಿ ಮಾತ್ರ ಈ ಸಲ ನೀರಿತ್ತು.

"ನಾ... ನಾನೇ."

"ನನ್ನ ಮಾತು ಇಷ್ಟ ಆಗ್ದಿದ್ರೆ ಇಲ್ಲ ಅಂದ್ಬಿಡ್ಬೋದಿತ್ತು. ಅದಕ್ಕೆ ಊರೇ ಬಿಟ್ಟು ತೀರ್ಥಹಳ್ಳಿಗೆ ಹೋಗ್ಬೇಕಾ ಯಶೋಧಾ? ಮಾಲೀಕ್ರು ಫೋನಲ್ಲಿ ಹೇಳಿದ್ರು."

"ಇಲ್ಲ ಅಂದವ್ರು ನೀವು!"

"ನಾನಾ? ನಾನು ಹೇಳಿದ್ದು 'ಇಲ್ಲೇ' ಅಂತ! ಈ ಅಂಗಡೀಲಿ, ಈ ಕುರ್ಚೀಲಿ! ಓದೋವ್ರ ಮಾತಲ್ಲಿ ಬರೀಬೇಕು ಅಂದಿದ್ರಲ್ಲ... ಅದಕ್ಕೇ ನಿಮ್ಮ ಮಾತಲ್ಲಿ ಬರೆದೆ."

ಯಶೋಧಾ ಮೊಬೈಲಿನಲ್ಲಿ ಆ ಹಳೆಯ ಮೆಸೇಜು ತೆರೆದಳು.

"ನಾನು... ನಿಮ್ಮ ಮಾತಲ್ಲಿ ಓದಿದೆ ಭಟ್ರೇ. ದೀರ್ಘ ಎಲ್ಲಿತ್ತು?"

"ಅಳಿಸಿ ಅಳಿಸಿ ಬರೀತಿದ್ದೆ. ಬಿಟ್ಟು ಹೋಯ್ತು."

ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಉಮಾಮಹೇಶ್ವರನಿಗೆ ಇದ್ದಕ್ಕಿದ್ದಂತೆ ಚಹಾ ಕುಡಿಯಬೇಕೆನಿಸಿ ಅವನು ಹೊರಗೆ ಹೋದ.

"ತೀರ್ಥಹಳ್ಳಿಗೆ ಹೋಗ್ತೀರಾ?" ಮೆಲ್ಲಗೆ ಕೇಳಿದ ಶ್ರೀಕರ.

ಯಶೋಧಾ ಕೀಬೋರ್ಡ್ ಎಳೆದುಕೊಂಡಳು. ಅವನ ಮೊಬೈಲ್ ಟಿಂಗ್ ಎಂದಿತು.

'ಇಲ್ಲೆ.'

"ಇದು ನಮ್ಮ ಮಾತಾ... ನಿಮ್ಮ ಮಾತಾ?"

"ಹೆಂಗೆ ಓದ್ಕೊಂಡ್ರೂ ಅಡ್ಡಿಲ್ಲ," ಎಂದಳು ಯಶೋಧಾ.