ಪಾಳು ಅಂತ ಬರೆದವನು

"ಯಾರ್ರೀ ಇದ್ನ ಬರ್ದಿದ್ದು?"

ಕೆ.ಆರ್. ನಗರದ ಅಕ್ಕಿ ಗಿರಣಿ ಹಿಂದಿನ ಬೀದಿಯಲ್ಲಿ ಆ ಪ್ರಶ್ನೆ ಕೇಳಿಸದ ಮನೆಯೇ ಇರಲಿಲ್ಲ. ಟೈಲರಿಂಗ್ ಅಂಗಡಿಯಿಂದ ಆಗಷ್ಟೇ ಬಂದಿದ್ದ ಯಶೋಧರಾ ತನ್ನ ಮನೆಯ ಗೋಡೆಯನ್ನೇ ದುರುಗುಟ್ಟಿ ನೋಡುತ್ತಿದ್ದಳು. ಅಲ್ಲಿ ಕೆಂಪು ಬಣ್ಣದ ದಪ್ಪ ಅಕ್ಷರಗಳಲ್ಲಿ 'ಪಾಳು' ಎಂದು ಬರೆದಿತ್ತು.

"ನಾನೇ," ಅಂದ ಬ್ರಷ್ ಹಿಡಿದು ನಿಂತಿದ್ದವನು.

ಹೆಸರು ಕಾಂತರಾಜ್. ಬಡವರ ಬೀದಿಗಳಲ್ಲಿ ಬೀಳುವ ಹಾಗಿರುವ ಮನೆಗಳನ್ನು ಪುಕ್ಕಟೆಯಾಗಿ ರಿಪೇರಿ ಮಾಡಿಕೊಡುವ ಸಂಸ್ಥೆಯೊಂದರ ಇಂಜಿನಿಯರ್.

"ಅದು ನಮ್ಮ ಗುರುತು. ತೀರಾ ಕೆಟ್ಟಿರೋ ಮನೆಗೆ ಹಾಗೆ ಬರೀತೀವಿ. ಅದನ್ನ ನೋಡ್ಕೊಂಡು ಕೆಲಸದವರು ಬರ್ತಾರೆ..."

"ಪಾಳು ಅಂದ್ರೇನು ಗೊತ್ತೇನ್ರೀ? ದೀಪ ಹಚ್ಚೋರೂ ಇಲ್ದಿರೋ ಮನೆ. ನಾವಿಲ್ಲಿ ಬದುಕಿದ್ದೀವಿ ಕಣ್ರೀ. ಜಗಳದಲ್ಲಿ 'ನಿನ್ ಮನೆ ಪಾಳಾಗ' ಅಂತ ಶಾಪ ಹಾಕ್ತಾರೆ. ಅದ್ನ ತಂದು ನಮ್ಮ ಗೋಡೆ ಮ್ಯಾಲೆ ಬರ್ದಿದ್ದೀರಲ್ಲ."

ಅವನು ಬಾಯಿ ತೆರೆಯುವ ಮೊದಲೇ ಅವಳು ಬಕೆಟ್ಟಿನಲ್ಲಿ ಸಗಣಿ ಕಲಸಿ ತಂದು ಆ ಅಕ್ಷರಗಳ ಮೇಲೆ ಬಳಿದೇಬಿಟ್ಟಳು. ಒಂದಿಷ್ಟು ಅವನ ಬಿಳಿ ಶರ್ಟಿಗೂ ಸಿಡಿಯಿತು. ಸಿಡಿಯಲಿ ಎಂದೇ ಬಳಿದಿದ್ದಳು, ಸುಳ್ಳೇಕೆ?

ಮರುದಿನ ಅವನು ಪಿರಿಯಾಪಟ್ಟಣದ ಕಡೆ ಹಾರನಹಳ್ಳಿ ಕೆಲಸಕ್ಕೆ ಹೋದ. ಅವನು ಹೋದ ಬೆನ್ನಿಗೇ ಕೆಲಸದವರು ಬೀದಿಗೆ ಬಂದರು. ಪಕ್ಕದ ಚಿಕ್ಕಮಾದಯ್ಯನ ಮನೆಗೆ ಹೊಸ ಸೂರು ಬಂತು, ಎದುರು ಮನೆಗೆ ಗಾರೆ ನೆಲ ಬಂತು. ಯಶೋಧರಾಳ ಮನೆಯ ಹತ್ತಿರ ಒಂದು ಬಾಂಡಲಿ ಮರಳೂ ಬರಲಿಲ್ಲ.

ನಾಲ್ಕು ಮಾತು ಬೈದಿದ್ದಕ್ಕೆ ಸೇಡು... ಇಷ್ಟೇನಾ ಇವನ ಯೋಗ್ಯತೆ?

ಹೀಗೆ ಹಲ್ಲು ಕಡಿಯುತ್ತಲೇ, ಬೈಕಿನ ಸದ್ದಾದಾಗಲೆಲ್ಲ ಬೀದಿಯ ತಿರುವಿನ ಕಡೆ ನೋಡುತ್ತಿದ್ದಳು. ತಾನು ನೋಡುತ್ತಿದ್ದೇನೆ ಅಂತ ತಿಳಿದಾಗ ಸಿಟ್ಟು ಇನ್ನಷ್ಟು ಏರುತ್ತಿತ್ತು.

ಅಷ್ಟರಲ್ಲಿ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ನೆನೆದ ಮಣ್ಣಿನ ಗೋಡೆ ಕುಸಿದು, ಅವ್ವ ಪುಟ್ಟಲಕ್ಷ್ಮಿಯ ಕಾಲಿನ ಮೇಲೆ ಬಿತ್ತು. ಮೂಳೆ ಮುರಿಯಲಿಲ್ಲ, ಆದರೆ ಅವ್ವ ಚಿಕ್ಕಮಾದಯ್ಯನ ಜಗುಲಿಯಲ್ಲಿ ಮಲಗಬೇಕಾಯಿತು.

ಸುದ್ದಿ ಕೇಳಿ ಕಾಂತರಾಜ್ ಓಡಿ ಬಂದ.

"ಈಗ ಸಮಾಧಾನ ಆಯ್ತಾ ನಿಮಗೆ?" ಅಂದಳು ಯಶೋಧರಾ.

ಅವನ ಮುಖ ಕೆಂಪಾಯಿತು. "ಬೈದರು ಅಂತ ಗೋಡೆ ಬೀಳೋಕೆ ಬಿಡೋನು ಅನ್ಕೊಂಡ್ರಾ ನನ್ನ? ನಂಜಣ್ಣ, ಈ ಮನೆ ಯಾಕೆ ಬಿಟ್ರಿ?"

ಗಾರೆ ಮೇಸ್ತ್ರಿ ನಂಜಣ್ಣ ತಲೆ ಕೆರೆದುಕೊಂಡ. "ಗುರುತೇ ಇರ್ನಿಲ್ಲ ಸಾ. ಗ್ವಾಡೆಗೆ ಸಗಣಿ ಬಳ್ದಿತ್ತು. ರಿಪೇರಿ ಬ್ಯಾಡ ಅಂದವ್ರೇನೋ ಅನ್ಕಂಡೋ."

ಯಶೋಧರಾ ಬಿದ್ದ ಗೋಡೆಯ ಕಡೆ ತಿರುಗಿದಳು. ಅಂದರೆ ಅವ್ವನ ಕಾಲಿನ ಮೇಲೆ ಗೋಡೆ ಕೆಡವಿದ್ದು ನಾನೇನಾ?

ಕಣ್ಣು ತುಂಬಿತು. ಆದರೂ ಅವಳು ತಲೆ ತಗ್ಗಿಸಲಿಲ್ಲ. "ಅಳಿಸಿದ್ದು ನಾನೇ, ತಪ್ಪೇ. ಆದ್ರೆ ಗುರುತು ಇಲ್ದಿದ್ರೆ ಮನೇನೂ ಕಾಣಲ್ವಾ? ಬಾಗ್ಲಲ್ಲಿ ದಿನಾ ಕೂತಿರ್ತಿದ್ದ ನಮ್ಮವ್ವನೂ ಕಾಣ್ಲಿಲ್ವಾ? ಒಂದು ಮಾತು ಕೇಳಕ್ಕೆ ಬಾಯಿರ್ಲಿಲ್ವಾ?"

ಕಾಂತರಾಜ್ ಜಗುಲಿಗೆ ಹೋಗಿ ಅವ್ವನ ಕಾಲ ಬಳಿ ಕೂತ.

"ಕೇಳಬೇಕಿತ್ತು. ಬರೆಯೋ ಮೊದಲು ನಾನೇ ಕೇಳಬೇಕಿತ್ತು. ಅಳಿಸಿದ್ದು ನೋಡಿಯೂ ಇವರಿಗೆ ಹೇಳೋದು ಮರೆತೆ. ತಪ್ಪಾಯ್ತು ಕಣವ್ವ."

ಅಂದಿನಿಂದ ಅವನು ಗೋಡೆಗಳ ಮೇಲೆ ಬರೆಯುವುದನ್ನು ಬಿಟ್ಟ. ಮನೆಮನೆಗೆ ಹೋಗಿ ಕೂತು ಮಾತಾಡಿಸಿದ. ಯಶೋಧರಾಳ ಗೋಡೆಗೆ ತಾನೇ ಇಟ್ಟಿಗೆ ಹೊತ್ತ. ಅವಳು ನೀರು ಹಾಕುತ್ತಾ ಕಿಟಕಿ ಚಿಕ್ಕದಾಯಿತು ಎಂದು ಜಗಳವಾಡಿದಳು, ಅವನು ಕಟ್ಟಿದ್ದನ್ನು ಕಿತ್ತು ದೊಡ್ಡದು ಮಾಡಿದ. ಇವನ ಮೇಲೆ ಸಿಟ್ಟು ಮಾಡಿಕೊಳ್ಳದ ದಿನ ಊಟವೇ ಸೇರುತ್ತಿಲ್ಲವಲ್ಲ, ಇದೇನು ಕರ್ಮ?

ಮನೆ ಮುಗಿದ ಮೇಲೆ ಅವನು ಬಂದು ಬಾಗಿಲಲ್ಲಿ ನಿಂತ.

"ಎಚ್.ಡಿ. ಕೋಟೆಗೆ ಹಾಕಿದ್ದಾರೆ ನನ್ನ."

"ಹೋಗಿ."

"ಸಿಟ್ಟಾ?"

"ಹೂಂ."

"ಯಾಕೆ?"

"ಗೊತ್ತಿದ್ದೂ ಕೇಳ್ತಿದ್ದೀರಲ್ಲ, ಅದಕ್ಕೆ."

ಅವನು ಮೆಲ್ಲಗೆ ಅಂದ. "ಯಶೋಧರಾ, ನಿಮ್ಮನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ. ಮದುವೆ ಆಗ್ತೀರಾ?"

ಬೇಕು, ಬೇಕು ಅಂತ ಅವಳ ಮನಸ್ಸು ಕೂಗುತ್ತಿತ್ತು. ಹಾಗೆ ಕೂಗಿದ್ದಕ್ಕೇ ಭಯವಾಯಿತು.

"ಬಿದ್ದ ಮನೆ ಹುಡುಗಿ, ಪಾಪ ಅಂತ ಕೇಳ್ತಿದ್ರೆ ಈಗ್ಲೇ ಹೊರಟುಬುಡಿ."

"ಪಾಪ ಅನ್ನೋಕೆ ನೀವು ಬಿಟ್ರೆ ತಾನೇ? ಬಂದ ದಿನದಿಂದ ಬೈಸ್ಕೊಂಡಿದ್ದೇ ಆಯ್ತು. ಬೈಸ್ಕೊಂಡೇ ಪ್ರೀತಿ ಆಗಿದ್ದು."

ನಗು ಬಂತು. ತಡೆದುಕೊಂಡಳು.

"ನಿಮ್ಮ ಜಾತಿ ಜನ ನಮ್ಮನೇಲಿ ನೀರೂ ಕುಡಿಯಲ್ಲ. ನಿಮ್ಮವ್ವ ಬಂದು, ಇಲ್ಲಿ ಕೂತು ಊಟ ಮಾಡ್ಲಿ. ಆಮೇಲೆ ಹೇಳ್ತೀನಿ."

"ನಮ್ಮವ್ವನ್ನ ಕೇಳಿಯೇ ಬಂದೆ. ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ರು. ನಿನ್ನೆ ಅವರೇ ಬಂದು, ಆ ಹುಡುಗಿ ಏನು ಸಾರು ಮಾಡ್ತಾಳೆ ಅಂತ ಕೇಳಿದ್ರು."

ಯಶೋಧರಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಉಪ್ಪುಸಾರು ಅಂತ ಹೇಳಿ. ಖಾರ ವಸಿ ಜಾಸ್ತಿ."

"ಅದನ್ನೂ ಹೇಳಿದ್ದೀನಿ," ಅಂದ ಕಾಂತರಾಜ್.