ಎಡಗಾಲಿನ ಬ್ರೇಕು

"ಬುಶ್ ಮತ್ತ ಲೂಸ್ ಆಗೈತ್ರಿ," ಎಂದು ನಜೀಬ ಅಚ್ಚು ಕೂರುವ ಆ ಗನ್‌ಮೆಟಲ್ ಬಳೆಯನ್ನು ಲೇಥ್ ಪಕ್ಕದಲ್ಲಿಟ್ಟ.

ಖುಷ್ಬುಗೆ ಮೈಯೆಲ್ಲ ಉರಿಯಿತು. ಗಂಗಾವತಿಯ ಎಷ್ಟೋ ರೈಸ್‌ಮಿಲ್ಲುಗಳು ಅವಳೂ ಅವಳ ಅಬ್ಬಾ ದಾದೇಸಾಬರೂ ತಮ್ಮ ಲೇಥ್ ಅಂಗಡಿಯಲ್ಲಿ ಕಡೆದುಕೊಟ್ಟ ಬುಶ್‌ಗಳ ಮೇಲೇ ತಿರುಗುತ್ತಿವೆ. ಒಂದೂ ವಾಪಸ್ ಬಂದಿಲ್ಲ. ಈ ಮಹಾರಾಯನದು ಮಾತ್ರ ಮೂರನೇ ಸಲ!

ಇವನದು ಎಂದರೆ ಇವನ ಅಜ್ಜನ ಡುಕಾಟಿ ಬೈಕಿನದು. ಇಟಲಿಯ ಹಳೇ ರೇಸ್ ಗಾಡಿ, ಬರೀ ನೂರಿಪ್ಪತ್ತೈದು ಸಿಸಿ. ಹಿಟ್ನಾಳದ ಮನೆಯಲ್ಲಿ ಧೂಳು ತಿನ್ನುತ್ತಿದ್ದುದನ್ನು ಓಡಿಸಿಯೇ ತೀರುತ್ತೇನೆಂದು ಹಟ ಹಿಡಿದಿದ್ದ. ಬಂದಾಗಲೆಲ್ಲ ಅದರದೇ ಪುರಾಣ.

"ಬೋರ್ ಐವತ್ತೈದೂ ಕಾಲು ಮಿಲಿಮೀಟರ್ ರೀ, ಸ್ಟ್ರೋಕ್ ಐವತ್ತೆರಡ. ಕ್ಯಾಮ್ ತಿರುಗಿಸಾಕ ಚೈನ್ ಇಲ್ಲ, ಶಾಫ್ಟ್ ಐತಿ. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ, ಹಳೇ ಬುಲೆಟ್ ಹಂಗ..."

ಹೇಳುವಾಗ ಅವನ ಕಣ್ಣು ನೆಲದ ಮೇಲೆ. ಅವಳು ಬೇರೆ ಕಡೆ ನೋಡಿದಾಗಷ್ಟೇ ಮೇಲೇಳುತ್ತಿತ್ತು. ಬೇರೆ ಹುಡುಗರು ಹಾಡು ಹೇಳಿ ಮರುಳು ಮಾಡುತ್ತಾರಂತೆ. ಇವನು ಸ್ಟ್ರೋಕ್ ಹೇಳಿಯೇ ಅವಳ ನಿದ್ದೆ ಕದ್ದಿದ್ದ.

"ಶುಕ್ರವಾರ ಕುಷ್ಟಗಿಯವರು ನನ್ನ ನೋಡಾಕ ಬರಾಕತ್ಯಾರ," ಎಂದಳು, ಅವನ ಮುಖವನ್ನೇ ನೋಡುತ್ತ.

"ಛಲೋ ಆತ್ರಿ," ಎಂದ ನಜೀಬ, ನೆಲ ನೋಡುತ್ತಲೇ.

ಪುಕ್ಕಲ! ಅವಳು ಸಿಟ್ಟಿನಿಂದ ಬುಶ್ ಎತ್ತಿ ಬೆಳಕಿಗೆ ಹಿಡಿದಳು. ಲೇಥ್ ಮೇಲೆ ಕಡೆದ ಗೆರೆ ದುಂಡಗೆ ಸುತ್ತಿರುತ್ತದೆ. ಇಲ್ಲಿ ಒಳಗೆಲ್ಲ ಉದ್ದುದ್ದ ಗೀರುಗಳಿದ್ದವು. ಯಾರೋ ಕುಳಿತು ಎಮರಿ ಪೇಪರ್‌ನಿಂದ ತಿಕ್ಕಿ ಸಡಿಲ ಮಾಡಿದ್ದರು.

ಅವಳಿಗೆ ನಗು ಬಂತು.

"ನೀವ ತಿಕ್ಕೀರಿ ಹೌದಿಲ್ಲೋ?"

ಅವನ ಕಿವಿಗಳು ಕೆಂಪಾದವು. "ಗಾಡಿ ಚಾಲೂ ಆದ್ರ ನಾ ಏನ್ ನೆವ ಹೇಳಿ ಬರ್ಲಿರಿ ಇಲ್ಲಿಗೆ?"

ಖುಷ್ಬು ಆಗಿಂದಾಗಲೇ ಹೊಸ ಬುಶ್ ಕಡೆದು ಅವನ ಅಂಗೈಯಲ್ಲಿಟ್ಟಳು. ಅದಿನ್ನೂ ಬಿಸಿಯಾಗಿತ್ತು. "ಇದನ್ನ ತಿಕ್ಕಬ್ಯಾಡ್ರಿ. ಗುರುವಾರ ಗಾಡಿ ಮ್ಯಾಲೆ ಬಂದು ಅಬ್ಬಾನ ಕೂಡ ಮಾತಾಡ್ರಿ. ಆಗಂಗಿಲ್ಲಂದ್ರ ಈ ಕಡಿ ಬರಾಕೇ ಹೋಗಬ್ಯಾಡ್ರಿ."

ಗುರುವಾರ ಮಧ್ಯಾಹ್ನ ಕಳೆಯಿತು. ಅವಳು ಕೈಗೆತ್ತಿಕೊಂಡ ಕೆಲಸವೆಲ್ಲ ಕೆಟ್ಟಿತು. ಬರುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿರುವಾಗ ಓಣಿಯ ತುದಿಯಲ್ಲಿ ಸದ್ದು ಕೇಳಿತು. ಅವಳಿಗೆ ಗೊತ್ತಿಲ್ಲದ ಸದ್ದು. ಬಾಗಿಲಿಗೆ ಓಡಿದಳು.

ನಜೀಬ ಅವಳನ್ನು ನೋಡಿದ. ನಿಲ್ಲಿಸಬೇಕೆಂದು ಬೇರೆ ಬೈಕುಗಳ ರೂಢಿಯಂತೆ ಬಲಗಾಲು ಒತ್ತಿದ. ಗೇರ್ ಬದಲಾಯಿತು, ಗಾಡಿ ನಿಲ್ಲಲಿಲ್ಲ. ಅಂಗಡಿ ದಾಟಿ ಸೀದಾ ಪಕ್ಕದ ಮಿಲ್ಲಿನ ಹೊಟ್ಟಿನ ರಾಶಿಯೊಳಗೆ ನುಗ್ಗಿತು.

ದಾದೇಸಾಬ ಗಾಬರಿಯಿಂದ ಹೊರಬಂದರು. "ಯಾಕಪಾ, ಏನಾತು? ಮತ್ತ ಬುಶ್ ಏನು?"

ತಲೆಯಿಂದ ಕಾಲಿನವರೆಗೆ ಹೊಟ್ಟು ಮೆತ್ತಿಕೊಂಡ ನಜೀಬ ಎದ್ದು ನಿಂತ. ಈ ಸಲ ಬೋರ್ ಇಲ್ಲ, ಸ್ಟ್ರೋಕ್ ಇಲ್ಲ. "ಖುಷ್ಬುನ್ನ ಕೇಳಾಕ ಬಂದೀನ್ರಿ ಚಾಚಾ."

ದಾದೇಸಾಬ ಮಗಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಲಿಲ್ಲ.

"ಬುಶ್ ಸರಿ ಕುಂತೈತಿ ಅಬ್ಬಾ," ಎಂದಳು. "ಇವರಿಗೆ ಬ್ರೇಕ್ ಯಾವ ಕಾಲಿಗೆ ಐತಿ ಅನ್ನೋದನ್ನ ನಾ ಕಲಿಸ್ತೀನಿ."

ದಾದೇಸಾಬ ನಾಳೆ ಬರುವುದು ಬೇಡವೆಂದು ಕುಷ್ಟಗಿಯವರಿಗೆ ಫೋನ್ ಮಾಡಲು ಒಳಗೆ ಹೋದರು.