ಬೊಮ್ಮಕ್ಕನ ಇದ್ದಿಲ ಬರಹ

ಬಹಳ ಹಿಂದೆ ಹವಳದುರ್ಗ ಎಂಬ ರಾಜ್ಯವಿತ್ತು. ವಕ್ರಜಂಘನೆಂಬ ಮಾಂತ್ರಿಕ ಅಲ್ಲಿಯ ರಾಜನನ್ನು ಕಲ್ಲಾಗಿಸಿ ಸಿಂಹಾಸನ ಏರಿದ್ದ. ದಿನಾ ಸಂಜೆ ಕೋಟೆಯ ಮೇಲಿಂದ ತನ್ನ ಸಾಹಸದ ಸುಳ್ಳು ಕತೆ ಹೇಳುತ್ತಿದ್ದ. ಕೇಳಿದಷ್ಟೂ ಜನ ತಮ್ಮ ಬದುಕನ್ನೇ ಮರೆಯುತ್ತಿದ್ದರು.

ಆ ಊರಲ್ಲಿ ಈ ಕತೆಗೆ ಕಿವಿಗೊಡದ ಬೊಮ್ಮಕ್ಕನೆಂಬ ಹುಡುಗಿ. ಒಂದು ಬೆಳಿಗ್ಗೆ ಅವಳ ತಾಯಿ, "ಯಾರಮ್ಮಾ ನೀನು?" ಎಂದು ಕೇಳಿದಳು. ಬೊಮ್ಮಕ್ಕನಿಗೆ ಎದೆ ಒಡೆದಂತಾಯಿತು. ಇದ್ದಿಲು ತೆಗೆದು ಗೋಡೆಯ ಮೇಲೆ ಬರೆದಳು:

"ಮೊನ್ನೆ ಅವ್ವ ರೊಟ್ಟಿ ಬೇಯಿಸುತ್ತ ಕೈ ಸುಟ್ಟುಕೊಂಡಳು. ಊದಿದವಳು ನಾನು. ನಕ್ಕವಳು ಅವಳು."

ತಾಯಿ ಓದಿದಳು. ಕೈ ನೋಡಿಕೊಂಡಳು. "ಬೊಮ್ಮೀ!" ಎಂದು ಮಗಳನ್ನು ಅಪ್ಪಿಕೊಂಡಳು.

ಅಂದಿನಿಂದ ಬೊಮ್ಮಕ್ಕ ಬೀದಿ ಬೀದಿಯ ಗೋಡೆಗಳ ಮೇಲೆ ಬರೆಯತೊಡಗಿದಳು. ನಡೆದದ್ದಷ್ಟೇ, ಎರಡು ಮೂರು ಸಾಲು. ಓದಿದವರಿಗೆ ತಮ್ಮ ಬದುಕು ಮರಳಿ ನೆನಪಾಗತೊಡಗಿತು.

ಮಾಂತ್ರಿಕ ಮೊದಲು ಚಿನ್ನದ ಗಿಣಿಯನ್ನು ಕಳಿಸಿದ. "ಒಡೆಯನ ಸಾಹಸ ಬರಿ, ಮುತ್ತಿನ ಹಾರ ಕೊಡುತ್ತಾನೆ" ಎಂದಿತು ಗಿಣಿ.

"ನಾನು ಕಣ್ಣಾರೆ ಕಂಡದ್ದನ್ನೇ ಬರೆಯೋದು. ಹೋಗು!"

ಆಮೇಲೆ ಬೆಂಕಿಯುಗುಳುವ ಹುಲಿ ಬಂತು. ಅದರ ಕಿವಿ ಹರಿದಿತ್ತು. ಬೀದಿಯಿಂದ ಕಾಣೆಯಾದ ಕಮ್ಮಾರ ಕಾಳಯ್ಯನ ಕಿವಿಯೂ ಹಾಗೇ ಇತ್ತಲ್ಲ! ಬೊಮ್ಮಕ್ಕ ಓಡಲಿಲ್ಲ, ಬರೆದಳು:

"ಕಾಳಯ್ಯ ಮಗಳ ಮದುವೆಯಲ್ಲಿ ಅತ್ತ. ಯಾರಿಗೂ ತಿಳಿಯಬಾರದೆಂದು ಒಲೆಯ ಹೊಗೆಗೆ ಮುಖವೊಡ್ಡಿದ."

ಹುಲಿ ಓದಿ ಬಿಕ್ಕಿತು. ಚರ್ಮ ಕಳಚಿ ಬಿತ್ತು. ಕಾಳಯ್ಯ ಎದ್ದು ನಿಂತ.

ಮೂರನೆಯ ಸಲ ಮಾಂತ್ರಿಕನೇ ಬಂದ. ಕೋಲು ಬೀಸಿದ. ಬೊಮ್ಮಕ್ಕನ ಬಲಗೈ ಕಲ್ಲಾಯಿತು.

"ಈಗ ಬರಿ ನೋಡೋಣ! ರೊಟ್ಟಿಯಂತೆ, ಹೊಗೆಯಂತೆ! ಯಾರಿಗೆ ಬೇಕು ಈ ಪುಡಿ ಕತೆಗಳು?"

"ಯಾರಿಗೂ ಬೇಡದಿದ್ದರೆ ನೀನ್ಯಾಕೆ ಬಂದೆ?" ಎಂದಳು ಬೊಮ್ಮಕ್ಕ. ಇದ್ದಿಲನ್ನು ಎಡಗೈಗೆ ತೆಗೆದುಕೊಂಡಳು. ಸೊಟ್ಟ ಸೊಟ್ಟ ಅಕ್ಷರದಲ್ಲಿ ಬರೆದಳು:

"ಇವತ್ತು ವಕ್ರಜಂಘ ಒಬ್ಬ ಹುಡುಗಿಗೆ ಹೆದರಿದ. ಕೋಲು ಹಿಡಿದ ಕೈ ನಡುಗಿತು. ನಾನು ನೋಡಿದೆ."

"ನಾನೂ ನೋಡಿದೆ" ಎಂದ ಕಾಳಯ್ಯ. "ನಾನೂ" ಎಂದಳು ತಾಯಿ. ಕದ ತೆರೆದು ಬೀದಿಯವರೆಲ್ಲ ಹೊರಬಂದು, "ನಾವೂ ನೋಡಿದೆವು!" ಎಂದು ಕೂಗಿದರು.

ಮಾಂತ್ರಿಕ ಸುಳ್ಳಿನಿಂದಲೇ ಬೆಳೆದವನು. ಒಂದೊಂದು ಕೂಗಿಗೂ ಕುಗ್ಗುತ್ತ ಕುಗ್ಗುತ್ತ ಹೋಗಿ ಹಿಡಿ ಬೂದಿಯಾದ. ಬೊಮ್ಮಕ್ಕನ ಕೈಗೆ ಜೀವ ಬಂತು. ಕಲ್ಲಾಗಿದ್ದ ರಾಜ ಕಣ್ಣು ಬಿಟ್ಟ.

ಅಲ್ಲಿಂದ ಮುಂದೆ ಹವಳದುರ್ಗದ ಜನ ನಕ್ಕು ನಲಿದು ಬಾಳಿದರು. ಮನೆಮನೆಯ ಗೋಡೆಯ ಮೇಲೂ ಅಂದಂದಿನ ಕತೆ. ರಾಜನೂ ಅರಮನೆಯ ಗೋಡೆಯ ಮೇಲೆ ಬರೆದ:

"ಇವತ್ತು ಸಾರಿಗೆ ಉಪ್ಪು ಹೆಚ್ಚಾಗಿತ್ತು. ಎರಡು ಸಲ ಬಡಿಸಿಕೊಂಡು ಉಂಡೆ."